1969ರ ಕ್ಯಾಮರೋ: ಝಡ್/28 ಮತ್ತು ಎಸ್‌ಎಸ್ 396 ಹೋಲಿಸಿ ಆರಿಸುವ ಸಮಗ್ರ ಮಾರ್ಗದರ್ಶಿ

ಶೆವ್ರೊಲೆ ಕಂಪನಿ 1969ರ ಮಾದರಿಯಾಗಿ 2,43,085 ಕ್ಯಾಮರೋ ಕಾರುಗಳನ್ನು ತಯಾರಿಸಿತು. ಹಳೆಯ ಅಮೆರಿಕನ್ ಮಸಲ್ ಕಾರು ಬೇಕೆನ್ನುವವರು ಅವುಗಳಲ್ಲಿ ಮುಖ್ಯವಾಗಿ ಹುಡುಕುವುದು ಝಡ್/28 ಮತ್ತು ಎಸ್‌ಎಸ್ 396 ಎಂಬ ಎರಡು ಬಗೆಗಳನ್ನು. ತಗಡು, ಬಾಗಿಲು, ಗಾಜು, ಡ್ಯಾಶ್‌ಬೋರ್ಡ್ ಎಲ್ಲ ಒಂದೇ. ಬಾನೆಟ್ ಎತ್ತಿದರೆ ಮಾತ್ರ ಎರಡಕ್ಕೂ ಸಂಬಂಧವೇ ಇಲ್ಲ. ಒಂದು ರೇಸ್ ನಿಯಮಕ್ಕೆ ಹೊಂದಿಸಿ ಕಟ್ಟಿದ ಚಿಕ್ಕ ಎಂಜಿನ್, ಕಿರುಚಿಸಿದರೆ ಮಾತ್ರ ಓಡುವಂಥದ್ದು. ಇನ್ನೊಂದು ಸಿಗ್ನಲ್‌ನಿಂದ ಸಿಗ್ನಲ್‌ಗೆ ಜಿಗಿಯಲು ಮಾಡಿದ ದೊಡ್ಡ ಎಂಜಿನ್. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಾಗಲಿ, ದೂರದಿಂದಲೇ ಇವನ್ನು ಅಭ್ಯಾಸ ಮಾಡುವವರಾಗಲಿ, ಹೋಲಿಕೆಯನ್ನು ಬ್ರೋಷರಿನ ಅಶ್ವಶಕ್ತಿಯಿಂದ ಆರಂಭಿಸಿದರೆ ದಾರಿ ತಪ್ಪುತ್ತಾರೆ. ಮೊದಲು ನೋಡಬೇಕಾದ್ದು ಮುಂದಿರುವ ಗಾಡಿ ನಿಜಕ್ಕೂ ಆ ಗಾಡಿಯೇ ಎಂಬುದನ್ನು. ಎಂಜಿನ್ ಹೇಗಿದೆ, ತುಕ್ಕು ಎಷ್ಟಿದೆ ಎಂಬುದೆಲ್ಲ ಆಮೇಲಿನ ಮಾತು.

ಎರಡರ ಜಾತಕ

ಅಮೆರಿಕದ ಟ್ರಾನ್ಸ್-ಆಮ್ ರೇಸಿನಲ್ಲಿ ಎಂಜಿನ್ ಗಾತ್ರಕ್ಕೆ 5 ಲೀಟರಿನ, ಅಂದರೆ 305 ಕ್ಯೂಬಿಕ್ ಇಂಚಿನ ಮಿತಿ ಇತ್ತು. ಶೆವ್ರೊಲೆಯವರು 327 ಎಂಜಿನ್ನಿನ 4 ಇಂಚು ಬೋರಿಗೆ (ಸಿಲಿಂಡರಿನ ಅಗಲ) 283ರ 3 ಇಂಚು ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಸೇರಿಸಿ 302 ಕ್ಯೂಬಿಕ್ ಇಂಚು ಮಾಡಿಕೊಂಡರು. ರೇಸಿಗೆ ಇಳಿಸಬೇಕಾದರೆ ಅದೇ ಗಾಡಿ ಅಂಗಡಿಯಲ್ಲೂ ಸಿಗಬೇಕಿತ್ತು. ಹಾಗೆ ಹುಟ್ಟಿದ್ದು ಝಡ್/28. 1967ರಲ್ಲಿ 602 ಗಾಡಿ, 1968ರಲ್ಲಿ 7,199, 1969ರಲ್ಲಿ 20,302. 1968 ಮತ್ತು 1969ರ ಟ್ರಾನ್ಸ್-ಆಮ್ ಪ್ರಶಸ್ತಿಗಳನ್ನು ರೋಜರ್ ಪೆನ್ಸ್ಕೆ ತಂಡದ ಮಾರ್ಕ್ ಡೊನೊಹ್ಯೂ ಗೆದ್ದುಕೊಟ್ಟ ಮೇಲೆ ಮಾರಾಟ ಹೀಗೆ ಏರಿದ್ದರಲ್ಲಿ ಅಚ್ಚರಿಯಿಲ್ಲ.

ಎಸ್‌ಎಸ್ 396ರ ಕಥೆ ಬೇರೆ. ಕಾರ್ವೆಟ್ ಬಿಟ್ಟು ಉಳಿದ ಚಿಕ್ಕ ಮತ್ತು ಮಧ್ಯಮ ಗಾಡಿಗಳಿಗೆ 400 ಕ್ಯೂಬಿಕ್ ಇಂಚು ಮೀರಿದ ಎಂಜಿನ್ ಹಾಕಕೂಡದು ಎಂದು ಜನರಲ್ ಮೋಟರ್ಸ್ ತನಗೆ ತಾನೇ ಗೆರೆ ಎಳೆದುಕೊಂಡಿತ್ತು. 396 ಆ ಗೆರೆಯ ಒಳಗೆ ಕೂರುವ ದೊಡ್ಡ ಎಂಜಿನ್. 1969ರ ಕೊನೆಯ ಹೊತ್ತಿಗೆ ಬೋರ್ ತುಸು ಹಿಗ್ಗಿಸಿ 402 ಮಾಡಿದರೂ ಬಿಲ್ಲೆಯ ಮೇಲೆ 396 ಎಂದೇ ಉಳಿಸಿದರು. ವರ್ಷದ ಕೊನೆಯ ಗಾಡಿಯಲ್ಲಿ 402 ಕಂಡರೆ ಅದೊಂದೇ ಕಾರಣಕ್ಕೆ ಎಂಜಿನ್ ಬದಲಾಗಿದೆ ಎಂದು ತಳ್ಳಿಹಾಕಬೇಡಿ.

396 ಎಂದರೆ ಒಂದೇ ಎಂಜಿನ್ ಅಲ್ಲ, ಎಲ್ ಅಕ್ಷರದ ಸಂಕೇತಗಳಿಂದ ಕಂಪನಿ ಗುರುತಿಸಿದ ಹಲವು ಬಗೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಎಲ್35ರದ್ದು 325 ಅಶ್ವಶಕ್ತಿ; ಇಂಥವು 6,752 ಗಾಡಿ ಬಂದವು. ಎಲ್34ರದ್ದು 350, ಗಾಡಿ 2,018. ಎಲ್78ರದ್ದು 375, ಗಾಡಿ 4,889. ಎಲ್89 ಎಂದರೆ ಎಲ್78ಕ್ಕೇ ಅಲ್ಯೂಮಿನಿಯಂ ಹೆಡ್ ಹಾಕಿದ್ದು. ಬಂದದ್ದು 311 ಮಾತ್ರ. ಎಲ್35ಕ್ಕೆ ಹೆಚ್ಚುವರಿ ಬೆಲೆ 63.20 ಡಾಲರ್, ಎಲ್78ಕ್ಕೆ 316 ಡಾಲರ್. ಮೊದಲ ಎರಡರಲ್ಲಿ ಹೈಡ್ರಾಲಿಕ್ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ, ಗ್ಯಾಪನ್ನು ತಾನೇ ಹೊಂದಿಸಿಕೊಳ್ಳುವಂಥದ್ದು) ಮತ್ತು ರೋಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್. ಎಲ್78ರಲ್ಲಿ ಝಡ್/28ರ ಹಾಗೆಯೇ ಸಾಲಿಡ್ ಟ್ಯಾಪೆಟ್ (ಗ್ಯಾಪನ್ನು ಕೈಯಿಂದ ಹೊಂದಿಸಬೇಕಾದ್ದು), ನಿಮಿಷಕ್ಕೆ 780 ಘನ ಅಡಿ ಗಾಳಿ ಬಿಡುವ, ಅಂದರೆ 780 ಸಿಎಫ್‌ಎಂ ಹಾಲಿ ಕಾರ್ಬ್ಯುರೇಟರ್, 11:1 ಕಂಪ್ರೆಷನ್. ಮಾರುವವರು ಬರಿಯ ‘396’ ಎಂದರೆ ಯಾವ 396 ಎಂದು ಕೇಳಿ. ಎಲ್35ಕ್ಕೆ ಎಲ್78ರ ಬೆಲೆ ತೆತ್ತವರು ಬೇಕಾದಷ್ಟು ಜನ ಇದ್ದಾರೆ.

ಇನ್ನು ಅಶ್ವಶಕ್ತಿ. ಝಡ್/28ಕ್ಕೆ ಕಂಪನಿ ಬರೆದದ್ದು 5800 ಆರ್‌ಪಿಎಂನಲ್ಲಿ 290. ಇದು ಬೇಕೆಂದೇ ತಗ್ಗಿಸಿ ಬರೆದ ಲೆಕ್ಕ. 5800 ದಾಟಿದ ಮೇಲೂ ಆ ಎಂಜಿನ್ ಏರುತ್ತಲೇ ಹೋಗುತ್ತದೆ. ಮೇಲಾಗಿ ಆ ಕಾಲದ ಅಂಕಿಗಳೆಲ್ಲ ‘ಗ್ರಾಸ್’ ಅಶ್ವಶಕ್ತಿ. ಏರ್ ಕ್ಲೀನರ್, ಸೈಲೆನ್ಸರ್, ಫ್ಯಾನ್ ಯಾವುದೂ ಇಲ್ಲದೆ ಬೆಂಚಿನ ಮೇಲೆ ಅಳೆದದ್ದು. ಇಂದಿನ ಕಾರಿನ ಅಂಕಿಯ ಪಕ್ಕದಲ್ಲಿಟ್ಟು ನೋಡುವಂಥದ್ದಲ್ಲ. ನಂಬಬೇಕಾದ್ದು ಟಾರ್ಕ್, ಅಂದರೆ ತಿರುಗಿಸುವ ಬಲ: ಝಡ್/28ರದ್ದು 4200 ಆರ್‌ಪಿಎಂನಲ್ಲಿ 290 ಪೌಂಡ್-ಅಡಿ, ಎಲ್35ರದ್ದು 3200ರಲ್ಲೇ 410. ರಸ್ತೆಯಲ್ಲಿ ಕಾಣುವ ವ್ಯತ್ಯಾಸ ಈ ಎರಡು ಅಂಕಿಗಳಲ್ಲೇ ಇದೆ.

ನೋಡಲು ಹೋಗುವಾಗ ಕೈಯಲ್ಲಿರಬೇಕಾದ್ದು

ಒಳ್ಳೆಯ ಟಾರ್ಚ್, ಉದ್ದ ಹಿಡಿಯ ಕನ್ನಡಿ, ಮೆತ್ತನೆಯ ಬಟ್ಟೆ ಸುತ್ತಿದ ಆಯಸ್ಕಾಂತ, ಕಂಪ್ರೆಷನ್ ಗೇಜ್, ವ್ಯಾಕ್ಯೂಂ ಗೇಜ್, ಪ್ಲಗ್ ಪಾನಾ, ಸೀಮೆಸುಣ್ಣ, ಗ್ರೀಸ್ ಒರೆಸಲು ಬ್ರೇಕ್ ಕ್ಲೀನರ್, ಹತ್ತಿ ಬಟ್ಟೆ. ಎಂಜಿನ್ ಬ್ಲಾಕಿನ ಮೇಲೆ ತಂತಿ ಬ್ರಷ್ಷು, ಮರಳು ಕಾಗದ ಮಾತ್ರ ಆಡಿಸಬೇಡಿ. ಅಲ್ಲಿನ ಗೀರುಗಳೇ ಸಾಕ್ಷಿ. ಜಾಕ್ ಮತ್ತು ನಾಲ್ಕು ಸ್ಟ್ಯಾಂಡ್ ಮಾರುವವರ ಬಳಿ ಇರದಿದ್ದರೆ ಲಿಫ್ಟ್ ಇರುವ ಗ್ಯಾರೇಜಿನಲ್ಲಿ ನೋಡುವ ಏರ್ಪಾಡು ಮಾಡಿ. ಕೆಳಗೆ ನುಗ್ಗದೆ ಈ ಗಾಡಿಗಳನ್ನು ಕೊಳ್ಳಬಾರದು.

ಹೆಜ್ಜೆ 1: ವಿನ್ ಸಂಖ್ಯೆ, ಮತ್ತು ಅದು ಹೇಳದ ಸಂಗತಿ

ಡ್ಯಾಶ್‌ಬೋರ್ಡಿನ ಮೇಲೆ ಎಡಬದಿಯಲ್ಲಿ, ಮುಂಗಾಜಿನ ಮೂಲಕ ಕಾಣುವ ಹಾಗೆ ವಿನ್, ಅಂದರೆ ಗಾಡಿಯ ಗುರುತು ಸಂಖ್ಯೆಯ ತಗಡು ಇದೆ. ಮಾದರಿಗೆ 124379ಎನ್500001 ಎಂಬುದನ್ನು ತೆಗೆದುಕೊಳ್ಳಿ. 1 ಎಂದರೆ ಶೆವ್ರೊಲೆ, 24 ಎಂದರೆ ವಿ8 ಕ್ಯಾಮರೋ (23 ಇದ್ದರೆ ಆರು ಸಿಲಿಂಡರ್), 37 ಎಂದರೆ ಕೂಪೆ (67 ಇದ್ದರೆ ಕನ್ವರ್ಟಿಬಲ್), 9 ಎಂದರೆ 1969. ಎನ್ ಎಂದರೆ ಒಹಾಯೋದ ನಾರ್ವುಡ್ ಕಾರ್ಖಾನೆ, ಎಲ್ ಇದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಉಳಿದದ್ದು ಸರಣಿ ಸಂಖ್ಯೆ.

ಗಾಡಿ ಝಡ್/28ಓ ಎಸ್‌ಎಸ್ಸೋ ಎಂಬುದು ಇದರಲ್ಲಿ ಎಲ್ಲಿಯೂ ಇಲ್ಲ. 307 ಎಂಜಿನ್ನಿನ ಸಾದಾ ಕ್ಯಾಮರೋಗೂ ಎಲ್78ಕ್ಕೂ ವಿನ್‌ನ ಮೊದಲ ಅಂಕಿಗಳು ಒಂದೇ. ನಕಲಿಗಳು ಇಷ್ಟೊಂದು ಹುಟ್ಟಿದ್ದು ಇದರಿಂದಲೇ. ಆದರೂ ವಿನ್ ಎರಡು ಕೆಲಸಕ್ಕೆ ಬರುತ್ತದೆ: 23 ಎಂದಿದ್ದರೆ ಎರಡೂ ಅಲ್ಲ, ಮಾತು ಅಲ್ಲಿಗೇ ಮುಗಿಯಿತು. 67 ಎಂದಿದ್ದು ‘ಝಡ್/28’ ಎಂದು ಮಾರುತ್ತಿದ್ದರೂ ಮುಗಿಯಿತು, ಏಕೆಂದರೆ 1969ರ ಝಡ್/28 ಕೂಪೆಯಲ್ಲಿ ಮಾತ್ರ ಸಿಗುತ್ತಿತ್ತು. ಎಸ್‌ಎಸ್ 396 ಕನ್ವರ್ಟಿಬಲ್ ಉಂಟು.

ತಗಡನ್ನು ಹಿಡಿದಿರುವ ರಿವೆಟ್‌ಗಳ ತಲೆ ಆರು ಎಸಳಿನ ಹೂವಿನಂತಿರಬೇಕು. ದುಂಡು ತಲೆಯ ಮಾಮೂಲಿ ಪಾಪ್ ರಿವೆಟ್ ಇದ್ದರೆ ತಗಡು ಒಮ್ಮೆ ಕಿತ್ತುಬಂದಿದೆ. ಬಚ್ಚಿಟ್ಟ ವಿನ್‌ಗಳು ಇನ್ನೆರಡಿವೆ: ಒಂದು ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು ಗೋಡೆಯಾದ ಫೈರ್‌ವಾಲ್‌ನಲ್ಲಿ ಹೀಟರ್ ಡಬ್ಬಿಯ ಹಿಂದೆ, ಮತ್ತೊಂದು ಮುಂಗಾಜಿನ ಬುಡದ ಗಾಳಿಜಾಲರಿಯ ಕೆಳಗೆ. ಜಾಲರಿಯನ್ನು ಕೆಲವು ಸ್ಕ್ರೂ ಬಿಚ್ಚಿ ತೆಗೆಯಬಹುದು. ಮಾರುವವರ ಒಪ್ಪಿಗೆ ಕೇಳಿ ತೆಗೆಯಿರಿ. ಒಪ್ಪದವರ ಗಾಡಿಗೆ ದೊಡ್ಡ ಮೊತ್ತ ಹೇಳದಿರುವುದೇ ಲೇಸು.

ಹೆಜ್ಜೆ 2: ಬಾಡಿ ತಗಡು ಮತ್ತು ಎಕ್ಸ್ ಕೋಡ್

ಬಾನೆಟ್ ಎತ್ತಿದರೆ ಫೈರ್‌ವಾಲ್‌ನ ಎಡ ಮೇಲ್ತುದಿಯಲ್ಲಿ ಚಿಕ್ಕ ತಗಡು ಕಾಣುತ್ತದೆ. ಬಣ್ಣ, ಒಳಸಜ್ಜು, ತಯಾರಾದ ತಿಂಗಳು ಮತ್ತು ವಾರ ಇದರಲ್ಲಿವೆ. 02ಸಿ ಎಂದರೆ ಫೆಬ್ರುವರಿಯ ಮೂರನೆಯ ವಾರ. 1968ರ ಡಿಸೆಂಬರ್‌ನಿಂದ ನಾರ್ವುಡ್‌ನವರು ಇದೇ ತಗಡಿಗೆ ಎಕ್ಸ್ ಕೋಡ್ ಹಾಕತೊಡಗಿದರು. ಎಕ್ಸ್33 ಮತ್ತು ಎಕ್ಸ್77 ಝಡ್/28ಕ್ಕೆ, ಎಕ್ಸ್22 ಮತ್ತು ಎಕ್ಸ್66 ಎಸ್‌ಎಸ್ 396ಕ್ಕೆ. ಪ್ರತಿ ಜೋಡಿಯಲ್ಲಿ ಮೊದಲನೆಯದು ಹೊಳಪು ಅಂಚುಪಟ್ಟಿಗಳ ‘ಸ್ಟೈಲ್ ಟ್ರಿಮ್’ ಇರುವ ಗಾಡಿ, ಎರಡನೆಯದು ಇಲ್ಲದ್ದು. ಎಕ್ಸ್55 ಬಂದರೆ ಎಸ್‌ಎಸ್ 350. ಎಕ್ಸ್44 ಬಂದರೆ ಸಾದಾ ಗಾಡಿ. ಅದರ ಮೇಲೆ ಝಡ್/28 ಪಟ್ಟೆ ಇದ್ದರೆ ಯಾರೋ ಆಮೇಲೆ ಬಳಿದದ್ದು.

ಡಿಸೆಂಬರ್‌ಗೆ ಮೊದಲಿನ ನಾರ್ವುಡ್ ಗಾಡಿಗೂ ವ್ಯಾನ್ ನೈಸ್‌ನ ಯಾವ ಗಾಡಿಗೂ ಈ ಕೋಡ್ ಇಲ್ಲ. ಹಾಗಾಗಿ ಕೋಡ್ ಇಲ್ಲದ ಮಾತ್ರಕ್ಕೆ ನಕಲಿ ಎನ್ನಲಾಗದು. ಇನ್ನೊಂದು ಕಡೆ, ಇದೇ ತಗಡಿನ ಪ್ರತಿಗಳನ್ನು ಮಾಡಿಕೊಡುವವರೂ ಇದ್ದಾರೆ. ಅಕ್ಷರಗಳ ಅಳತೆ, ಆಳ ಎಲ್ಲ ಹೊಸದಾಗಿ ಹರಿತವಾಗಿ ಕಂಡರೆ ಅನುಮಾನಿಸಿ.

ದಿನಾಂಕ ಓದುವಾಗ ಒಂದು ಬಲೆ ಇದೆ. 1970ರ ಮಾದರಿ ತಡವಾದ್ದರಿಂದ 1969ರ ಗಾಡಿಗಳ ತಯಾರಿ 1969ರ ನವೆಂಬರ್‌ವರೆಗೂ ಎಳೆಯಿತು. 09, 10, 11 ಎಂಬ ತಿಂಗಳುಗಳು ಎರಡೆರಡು ಸಲ ಬಂದವು. 10ಬಿ ಎಂದರೆ 1968ರ ಅಕ್ಟೋಬರ್ ಇರಬಹುದು, 1969ರದ್ದೂ ಇರಬಹುದು. ನಾರ್ವುಡ್ ಗಾಡಿಯ ಸರಣಿ ಸಂಖ್ಯೆ ಐದು ಲಕ್ಷದ ಆರಂಭದಲ್ಲಿದ್ದರೆ ಮೊದಲನೆಯದು, ಏಳು ಲಕ್ಷದ ಆಸುಪಾಸಿದ್ದರೆ ಎರಡನೆಯದು.

ಹೆಜ್ಜೆ 3: ಎಂಜಿನ್ನಿನ ಮೇಲಿನ ಮುದ್ರೆ

ಇಲ್ಲಿ ಅವಸರ ಬೇಡ. ಬಲಬದಿಯ ಸಿಲಿಂಡರ್ ಹೆಡ್ಡಿನ ಮುಂದೆ, ಬ್ಲಾಕಿನ ಮೇಲೆ ಚಪ್ಪಟೆಯ ಜಾಗವಿದೆ. ಅದನ್ನು ಬ್ರೇಕ್ ಕ್ಲೀನರ್ ಹಾಕಿ ಬಟ್ಟೆಯಿಂದ ಒರೆಸಿ. ಝಡ್/28ರಲ್ಲಿ ವಿ0312ಡಿಝಡ್ ಎಂಬಂಥ ಮುದ್ರೆ ಕಾಣಬೇಕು: ವಿ ಎಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 0312 ಎಂದರೆ ಮಾರ್ಚ್ 12, ಡಿಝಡ್ ಎಂದರೆ 1969ರ ಝಡ್/28. ದೊಡ್ಡ 396 ಬಂದದ್ದು ಟೊನವಾಂಡಾ ಎಂಜಿನ್ ಕಾರ್ಖಾನೆಯಿಂದ, ಆದ್ದರಿಂದ ಮೊದಲ ಅಕ್ಷರ ಟಿ. ಕೊನೆಯ ಅಕ್ಷರಗಳು ಎಲ್35ಕ್ಕೆ ಜೆಯು (ಮ್ಯಾನ್ಯುಯಲ್) ಅಥವಾ ಜೆಜಿ (ಆಟೊಮ್ಯಾಟಿಕ್). ಎಲ್34ಕ್ಕೆ ಜೆಎಫ್ ಅಥವಾ ಜೆಐ. ಎಲ್78ಕ್ಕೆ ಜೆಎಚ್ ಅಥವಾ ಜೆಎಲ್. ಎಲ್89ಕ್ಕೆ ಜೆಜೆ ಅಥವಾ ಜೆಎಂ. ಟಿ ಎಂದು ಶುರುವಾಗಿ ಡಿಝಡ್ ಎಂದು ಮುಗಿಯುವ ಮುದ್ರೆ ಕಂಡರೆ ನಕಲು ಮಾಡಿದವನು ಪಾಠ ಸರಿಯಾಗಿ ಓದಿಲ್ಲ ಎಂದರ್ಥ.

ಬ್ಲಾಕಿನ ಮೇಲೆ ಗಾಡಿಯ ವಿನ್‌ನ ತುಂಡೂ ಇರುತ್ತದೆ, 19ಎನ್ ಎಂದು ಶುರುವಾಗಿ ಸರಣಿ ಸಂಖ್ಯೆ. ಇದು ಆ ಚಪ್ಪಟೆ ಜಾಗದಲ್ಲಿರಬಹುದು, ಚಿಕ್ಕ ಎಂಜಿನ್ನಿನಲ್ಲಿ ಆಯಿಲ್ ಫಿಲ್ಟರಿನ ಮೇಲ್ಗಡೆಯೂ ಇರಬಹುದು. ಒಂದು ಕಡೆ ಕಾಣದಿದ್ದರೆ ಇನ್ನೊಂದು ಕಡೆ ಕನ್ನಡಿ ಹಿಡಿದು ನೋಡಿ. ಗೇರ್‌ಬಾಕ್ಸಿನ ಮೇಲೂ ಇದೇ ತುಂಡು ಇರಬೇಕು.

ಇನ್ನು ಚಪ್ಪಟೆ ಜಾಗದ ಮೈ. ಕಾರ್ಖಾನೆಯ ಯಂತ್ರ ಬ್ಲಾಕಿನ ಮೇಲ್ಮೈ ಕೆತ್ತುವಾಗ ಹಿಂದಿನಿಂದ ಮುಂದಕ್ಕೆ ನೇರವಾದ ಸಣ್ಣ ಗೀರುಗಳ ಸಾಲು ಬಿಡುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಅವು ಎದ್ದು ಕಾಣುತ್ತವೆ. ಜಾಗ ಕನ್ನಡಿಯಂತೆ ನುಣುಪಾಗಿದ್ದರೆ, ಇಲ್ಲವೇ ಗೀರುಗಳು ದುಂಡಾಗಿ ಸುತ್ತಿದ್ದರೆ, ಎಂಜಿನ್ ಬಿಚ್ಚಿದಾಗ ಮೇಲ್ಮೈ ಹೆರೆದಿದ್ದಾರೆ. ಅದು ಪ್ರಾಮಾಣಿಕ ರಿಪೇರಿಯೂ ಇರಬಹುದು. ಆದರೆ ಹೆರೆದ ಮೈಯ ಮೇಲೆ ಹರಿತವಾದ ಡಿಝಡ್ ನಿಂತಿದ್ದರೆ ಅದನ್ನು ಆಮೇಲೆ ಒತ್ತಿದ್ದಾರೆ. ಹೆರೆಯುವಾಗ ಹಳೆಯ ಮುದ್ರೆ ಉಳಿಯುವುದಿಲ್ಲವಲ್ಲ.

ಎರಕದ ಸಂಖ್ಯೆ ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನಲ್ಲಿದೆ. 302ಕ್ಕೆ 3932386, 3956618 ಅಥವಾ 3970010 ಸರಿ. ಆದರೆ ಈ ಬ್ಲಾಕುಗಳನ್ನು 350 ಎಂಜಿನ್ನಿಗೂ ಬಳಸಿದರು. 3970010 ಅಂತೂ 70ರ ದಶಕದುದ್ದಕ್ಕೂ ಸಾವಿರ ಸಾವಿರ ಗಾಡಿಗಳಿಗೆ ಹೋಯಿತು. ಆ ಸಂಖ್ಯೆಯೊಂದೇ ಏನನ್ನೂ ಸಾಬೀತು ಮಾಡದು. ಅದರ ಜೊತೆ ಎರಕದ ದಿನಾಂಕ ಓದಿ. ‘ಸಿ 4 9’ ಎಂದರೆ 1969ರ ಮಾರ್ಚ್ 4: ತಿಂಗಳಿಗೆ ಎ ಇಂದ ಎಲ್ ತನಕ ಅಕ್ಷರ, ಕೊನೆಯ ಅಂಕಿ ವರ್ಷ. ಮುದ್ರೆಯಲ್ಲಿ ವರ್ಷವಿಲ್ಲ, ಎರಕದಲ್ಲಿ ಮಾತ್ರ ಇದೆ. ಬ್ಲಾಕ್ ಎರಕ ಮೊದಲು, ಎಂಜಿನ್ ಜೋಡಣೆ ಆಮೇಲೆ, ಗಾಡಿ ಕೊನೆಗೆ. ನಡುವೆ ಕೆಲವು ದಿನಗಳಿಂದ ಕೆಲವು ವಾರಗಳ ಅಂತರ. ಗಾಡಿ ಹುಟ್ಟಿದ ಮೇಲೆ ಎರಕವಾದ ಎಂಜಿನ್ ಮೂಲದ್ದಾಗಲು ಸಾಧ್ಯವಿಲ್ಲ.

ಕಾಗದಗಳು ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ವಾರಂಟಿ ಪುಸ್ತಕಕ್ಕೆ ಅಂಟಿಸಿದ ಲೋಹದ ‘ಪ್ರೊಟೆಕ್ಟ್-ಓ-ಪ್ಲೇಟ್’ನಲ್ಲಿ ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಕೋಡ್‌ಗಳಿವೆ. ಡೀಲರ್ ಬಿಲ್ಲು, ಕಿಟಕಿಗೆ ಅಂಟಿಸಿದ್ದ ಬೆಲೆ ಚೀಟಿ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲಿಗೆ ಕೆನಡಾದಲ್ಲಿ ಮಾರಾಟವಾದ ಗಾಡಿಯಾದರೆ ಜನರಲ್ ಮೋಟರ್ಸ್ ಕೆನಡಾ ತನ್ನ ದಾಖಲೆಯಿಂದ ಆಯ್ಕೆಗಳ ಪಟ್ಟಿ ಕೊಡುತ್ತದೆ. ಕೆನಡಾದ ಝಡ್/28ಗಳಿಗೆ ಬೇಡಿಕೆ ಇರುವುದು ಈ ಕಾರಣಕ್ಕೇ.

ಹೆಜ್ಜೆ 4: ನಕಲು ಮಾಡುವವರು ಮರೆಯುವ ಭಾಗಗಳು

ಬಿಲ್ಲೆ, ಪಟ್ಟೆ, ಸ್ಪಾಯ್ಲರ್ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಅವನ್ನು ನೋಡಿ ಏನೂ ತೀರ್ಮಾನಿಸಬೇಡಿ. ಗಾಡಿಯನ್ನು ಎತ್ತಿ ಕೆಳಗೆ ನೋಡಿ.

ಹಿಂದಿನ ಸ್ಪ್ರಿಂಗ್: ಎರಡೂ ಬಗೆಗಳಲ್ಲಿ ಹಲವು ಪಟ್ಟಿಗಳ ಲೀಫ್ ಸ್ಪ್ರಿಂಗ್ ಇರಬೇಕು. ಒಂದೇ ಪಟ್ಟಿ ಇದ್ದರೆ ಅದು ಸಾದಾ ಕ್ಯಾಮರೋದ ಹಿಂಭಾಗ. ಆಕ್ಸಲ್ ಮುಚ್ಚಳದ ಬೋಲ್ಟ್ ಎಣಿಸಿ: ಹನ್ನೆರಡು ಇರಬೇಕು, ಹತ್ತಲ್ಲ. ಇಂಧನದ ಕೊಳವೆ 3/8 ಇಂಚಿನದು. 5/16 ಇಂಚಿನದು ಇದ್ದರೆ ಕಡಿಮೆ ಶಕ್ತಿಯ ಗಾಡಿಯನ್ನು ಮಾರ್ಪಡಿಸಿದ್ದಾರೆ. ಟ್ಯಾಂಕಿನವರೆಗೆ ಕೊಳವೆ ಬದಲಿಸುವ ಕಷ್ಟ ಯಾರಿಗೂ ಬೇಡ, ಅದಕ್ಕೇ ಇಲ್ಲಿ ಸಿಕ್ಕಿಬೀಳುತ್ತಾರೆ. ಮುಂದೆ ಡಿಸ್ಕ್ ಬ್ರೇಕ್ ಎರಡಕ್ಕೂ ಇತ್ತು. ಝಡ್/28ಕ್ಕೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕುವ ಜೆಎಲ್8 ಎಂಬ ಆಯ್ಕೆಯೂ ಇತ್ತು. 206 ಗಾಡಿಗಳಿಗೆ ಮಾತ್ರ ಬಂದ ಅದನ್ನು ಕಾಗದವಿಲ್ಲದೆ ನಂಬಲೇಬಾರದು. ಚಕ್ರ ಝಡ್/28ಕ್ಕೆ 15×7 ಇಂಚು, ಎಸ್‌ಎಸ್‌ಗೆ 14×7.

ಝಡ್/28ಕ್ಕೆ ಮನ್ಸಿ ನಾಲ್ಕು ಗೇರಿನ ಮ್ಯಾನ್ಯುಯಲ್ ಬಿಟ್ಟು ಬೇರೆ ಗೇರ್‌ಬಾಕ್ಸ್ ಇರಲಿಲ್ಲ, ಏರ್ ಕಂಡೀಷನರೂ ಸಿಗುತ್ತಿರಲಿಲ್ಲ. ಆಟೊಮ್ಯಾಟಿಕ್ ಪೆಡಲ್ಲಿನ ಗುರುತೋ ಫೈರ್‌ವಾಲ್‌ನಲ್ಲಿ ಎಸಿ ಪೈಪಿನ ತೂತೋ ಕಂಡರೆ ಮೂಲ ಗಾಡಿ ಬೇರೆಯದು. ಮನ್ಸಿಯಲ್ಲೂ ಮೂರು ಬಗೆ. ಗೇರ್‌ಬಾಕ್ಸ್ ಕೆಳಗಿಳಿದಿದ್ದರೆ ಇನ್‌ಪುಟ್ ಶಾಫ್ಟಿನ ಹಲ್ಲುಗಳ ಮೇಲಿನ ಉಂಗುರಗೆರೆ ಎಣಿಸಿ: ಎರಡಿದ್ದರೆ ಎಂ20, ಒಂದಿದ್ದರೆ ಎಂ21, ಒಂದೂ ಇಲ್ಲದಿದ್ದರೆ ಎಂ22. ಎಂ20ರ ಮೊದಲ ಗೇರ್ 2.52, ಉಳಿದೆರಡರದ್ದು 2.20. ‘ಬಂಡೆ ಪುಡಿಮಾಡುವ’ ಎಂಬ ಅಡ್ಡಹೆಸರಿನ ಎಂ22ರ ಹಲ್ಲುಗಳು ಹೆಚ್ಚು ನೇರ. ಓಡುವಾಗಿನ ಗೊರಗೊರ ಸದ್ದು ಅದರ ಸಹಜಗುಣ, ಬೇರಿಂಗ್ ಹೋದದ್ದಲ್ಲ.

ಡಿಫರೆನ್ಷಿಯಲ್ ಅನುಪಾತವನ್ನು ಹೀಗೆ ಅಳೆಯಿರಿ: ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ. ಚಕ್ರಕ್ಕೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ಒಂದು ಚಕ್ರ ತಿರುಗಿಸಿದಾಗ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ ಪೊಸಿಟ್ರಾಕ್ಷನ್, ಅಂದರೆ ಒಂದೇ ಚಕ್ರ ಸುಮ್ಮನೆ ಜಾರಿ ತಿರುಗದಂತೆ ತಡೆಯುವ ಡಿಫರೆನ್ಷಿಯಲ್ ಇದೆ. ಚಕ್ರದ ಒಂದು ಸುತ್ತಿಗೆ ಶಾಫ್ಟ್ ಮೂರೂಮುಕ್ಕಾಲು ಸುತ್ತು ಬಂದರೆ 3.73, ಅದು ಝಡ್/28ರ ಮಾಮೂಲಿ ಅನುಪಾತ. ಚಕ್ರಗಳು ಎದುರುಬದುರು ತಿರುಗಿದರೆ ಸಾದಾ ಡಿಫರೆನ್ಷಿಯಲ್. ಆಗ ಒಂದು ಚಕ್ರವನ್ನು ಬಿಗಿಯಾಗಿ ಹಿಡಿದು ಇನ್ನೊಂದನ್ನು ಎರಡು ಸುತ್ತು ತಿರುಗಿಸಿ ಎಣಿಸಬೇಕು, ಇಲ್ಲದಿದ್ದರೆ ಲೆಕ್ಕ ಅರ್ಧವಾಗುತ್ತದೆ.

ಹೆಜ್ಜೆ 5: ಎಂಜಿನ್ ಪರೀಕ್ಷೆ

ಎಂಜಿನ್ ತಣ್ಣಗಿರುವಾಗಲೇ ತಲುಪಿ. ಮಾರುವವರು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಹೊಗೆಯನ್ನು ಮರೆಸುತ್ತಿರಬಹುದು. ತಣ್ಣನೆಯ ಸ್ಟಾರ್ಟ್‌ನಲ್ಲಿ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ. ಅದು ಸಣ್ಣ ಖರ್ಚು. ಎಳೆಯುವಾಗಲೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗ್ ಹೋಗಿವೆ, ಅದು ದೊಡ್ಡ ಖರ್ಚು.

ಬಿಸಿಯಾದ ಮೇಲೆ ಎಂಟೂ ಪ್ಲಗ್ ಬಿಚ್ಚಿ, ಇಗ್ನಿಷನ್ ವಯರ್ ಕಳಚಿ, ಕಾರ್ಬ್ಯುರೇಟರ್ ಪೂರ್ತಿ ತೆರೆದಿಟ್ಟು ಕಂಪ್ರೆಷನ್ ಅಳೆಯಿರಿ. ಥ್ರಾಟಲ್ ಮುಚ್ಚಿದ್ದರೆ ಎಲ್ಲ ಸಿಲಿಂಡರೂ ಕಡಿಮೆ ತೋರಿಸಿ ಗಾಬರಿ ಹುಟ್ಟಿಸುತ್ತವೆ. ಒಟ್ಟು ಅಂಕಿಗಿಂತ ಅಂತರ ಮುಖ್ಯ: ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಇಳಿಯಬಾರದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ.

ವ್ಯಾಕ್ಯೂಂ ಗೇಜ್ ಹಾಕಿದಾಗ ಎರಡೂ ಎಂಜಿನ್ ಬೇರೆ ಬೇರೆ ಭಾಷೆ ಆಡುತ್ತವೆ. ಒಳ್ಳೆಯ ಎಲ್35 ಐಡ್ಲಿಂಗ್‌ನಲ್ಲಿ 17–18 ಇಂಚು (ಪಾದರಸದ ಲೆಕ್ಕದಲ್ಲಿ) ಸ್ಥಿರವಾಗಿ ತೋರಿಸುತ್ತದೆ. ಝಡ್/28ರ ಕ್ಯಾಮ್‌ಶಾಫ್ಟ್‌ನಲ್ಲಿ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು ಹೆಚ್ಚು, ಆದ್ದರಿಂದ 10–12 ಇಂಚಿನ ಸುತ್ತ ಮುಳ್ಳು ನಡುಗುತ್ತಿರುತ್ತದೆ. ಅದು ರೋಗವಲ್ಲ. ತಿರುಗಿಸಿ ಹೇಳುವುದಾದರೆ, ‘ಝಡ್/28’ ಎಂದು ತೋರಿಸಿದ ಗಾಡಿ ನುಣ್ಣಗೆ ಐಡ್ಲಿಂಗ್ ಆಗುತ್ತ 18 ಇಂಚು ತೋರಿಸಿದರೆ ಒಳಗೆ ಮೂಲ ಕ್ಯಾಮ್ ಇಲ್ಲ. ಈ ಕಡಿಮೆ ವ್ಯಾಕ್ಯೂಂನ ಏಟು ಆರ್‌ಎಸ್ (ರ‍್ಯಾಲಿ ಸ್ಪೋರ್ಟ್) ಆಯ್ಕೆಯ ಮರೆ ಹೆಡ್‌ಲೈಟ್‌ಗಳಿಗೆ ಬೀಳುತ್ತದೆ. ಅವುಗಳ ಮುಚ್ಚಳ ಚಲಿಸುವುದು ವ್ಯಾಕ್ಯೂಂನಿಂದ. ಐವತ್ತು ವರ್ಷ ದಾಟಿದ ರಬ್ಬರ್ ನಳಿಕೆಯಲ್ಲಿ ಒಂದು ಬಿರುಕು ಸಾಕು, ಒಂದು ಕಣ್ಣು ತೆರೆದು ಇನ್ನೊಂದು ಅರ್ಧಕ್ಕೆ ನಿಲ್ಲುತ್ತದೆ. ಮುಚ್ಚಳದಲ್ಲಿ ಪಾರದರ್ಶಕ ಸೀಳುಗಳಿರುವುದರಿಂದ ರಾತ್ರಿ ಪೂರ್ತಿ ಕತ್ತಲೆಯಾಗದು, ಅಷ್ಟೇ ಸಮಾಧಾನ.

ವಾಲ್ವ್ ಗ್ಯಾಪ್: ಝಡ್/28ರ ಕ್ಯಾಮನ್ನು ‘30-30’ ಎನ್ನುವುದು ಎರಡೂ ವಾಲ್ವ್‌ಗೆ 0.030 ಇಂಚು (0.76 ಮಿ.ಮೀ.) ಬಿಸಿಯಲ್ಲಿ ಇಡಬೇಕಾದ್ದರಿಂದ. ಎಲ್78ಕ್ಕೆ ಇನ್‌ಟೇಕ್ 0.024, ಎಕ್ಸಾಸ್ಟ್ 0.028. ಈ ಕ್ಯಾಮ್‌ಗಳ ಏರುದಾರಿ ಉದ್ದವಾಗಿರುವುದರಿಂದ ಪಿಸ್ಟನ್ ಮೇಲ್ತುದಿಗೆ ಬಂದಾಗ ಎರಡನ್ನೂ ಒಟ್ಟಿಗೆ ಹೊಂದಿಸುವ ಮಾಮೂಲಿ ಪದ್ಧತಿ ತಪ್ಪು ಅಳತೆ ಕೊಡುತ್ತದೆ. ಪ್ರತಿ ಸಿಲಿಂಡರ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ತೆರೆಯತೊಡಗಿದಾಗ ಇನ್‌ಟೇಕ್ ಹೊಂದಿಸಿ. ಇನ್‌ಟೇಕ್ ತೆರೆದು ಮುಚ್ಚುತ್ತ ಬಂದಾಗ ಎಕ್ಸಾಸ್ಟ್ ಹೊಂದಿಸಿ. ಸರಿಯಾಗಿ ಹೊಂದಿಸಿದ ಎಂಜಿನ್ನೂ ಹೊಲಿಗೆ ಯಂತ್ರದಂತೆ ಟಕಟಕ ಎನ್ನುತ್ತಲೇ ಇರುತ್ತದೆ. ಸದ್ದಡಗಲಿ ಎಂದು ಗ್ಯಾಪ್ ಬಿಗಿದರೆ ವಾಲ್ವ್ ಪೂರ್ತಿ ಕೂರದೆ ಸುಡುತ್ತದೆ. ಎಲ್35, ಎಲ್34ಗಳಲ್ಲಿ ಈ ತಾಪತ್ರಯವೇ ಇಲ್ಲ. ಅಲ್ಲಿ ಟಕಟಕ ಕೇಳಿದರೆ ಕೆಟ್ಟಿದೆ ಎಂದೇ ಅರ್ಥ.

396ರಲ್ಲಿ ತಪ್ಪದೆ ನೋಡಬೇಕಾದ್ದು ಎಂಜಿನ್ ಮೌಂಟ್. ಆ ಕಾಲದ ಎಡ ಮೌಂಟ್‌ನ ರಬ್ಬರ್ ಹರಿದರೆ ಎಂಜಿನ್ ಎದ್ದು, ಆಕ್ಸಿಲರೇಟರ್ ಕೊಂಡಿಯನ್ನು ಎಳೆದು ಸಿಕ್ಕಿಸಿಬಿಡುತ್ತಿತ್ತು. 1971ರಲ್ಲಿ ಶೆವ್ರೊಲೆ ಇದಕ್ಕಾಗಿ ಸುಮಾರು 67 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಿ ತಂತಿ ಹಗ್ಗ ಕಟ್ಟಿಕೊಟ್ಟಿತು. ಒಬ್ಬರು ಬ್ರೇಕ್ ಬಲವಾಗಿ ತುಳಿದು, ಗೇರಿಗೆ ಹಾಕಿ, ಸ್ವಲ್ಪ ಭಾರ ಕೊಡಲಿ. ನೀವು ಪಕ್ಕದಲ್ಲಿ ನಿಂತು, ಗಾಡಿಯ ಮುಂದೆ ಅಲ್ಲ, ಎಡ ವಾಲ್ವ್ ಕವರ್ ನೋಡಿ. ಒಂದೆರಡು ಬೆರಳಿನಷ್ಟು ಎದ್ದರೆ ಮೌಂಟ್ ಹರಿದಿದೆ. ಒಳಗೇ ಕೊಂಡಿ ಇರುವ ಹೊಸ ಬಗೆಯ ಮೌಂಟ್ ಹಾಕಿಸಬೇಕು. ಜೊತೆಗೆ ರೇಡಿಯೇಟರ್ ಫ್ಯಾನಿನ ಸುತ್ತಲ ಹೊದಿಕೆ ಇದೆಯೇ ನೋಡಿ. ಇಕ್ಕಟ್ಟಿನ ಜಾಗದಲ್ಲಿ ದೊಡ್ಡ ಎಂಜಿನ್ ಇರುವುದರಿಂದ ಅದಿಲ್ಲದಿದ್ದರೆ ಟ್ರಾಫಿಕ್ಕಿನಲ್ಲಿ ಕುದಿಯುತ್ತದೆ. ಝಡ್/28ರಲ್ಲಿ ನೋಡಬೇಕಾದ್ದು ಪುಲ್ಲಿಗಳು: ಆಳದ ಕಾಲುವೆಯ ಮೂಲ ಪುಲ್ಲಿ ಬದಲಾಗಿ ಸಾದಾ ಪುಲ್ಲಿ ಬಂದಿದ್ದರೆ 6000 ದಾಟಿದಾಗ ಬೆಲ್ಟ್ ಹಾರಿಹೋಗುತ್ತದೆ.

11:1 ಕಂಪ್ರೆಷನ್ನಿನ 302, ಎಲ್78 ಎರಡಕ್ಕೂ ಇಂದಿನ ಪೆಟ್ರೋಲ್ ಸಾಲದು. ಅಮೆರಿಕದ ಪಂಪಿನ 91 ಆಕ್ಟೇನ್ ಹಾಕಿ ಏರಿನಲ್ಲಿ ಎಳೆದರೆ ನಾಕಿಂಗ್ ಬರುತ್ತದೆ. ಇಗ್ನಿಷನ್ ಹಿಂದಕ್ಕೆ ಸರಿಸಿದರೆ ನಾಕಿಂಗ್ ನಿಲ್ಲುತ್ತದೆ, ಶಕ್ತಿಯೂ ಹೋಗುತ್ತದೆ. ಎಂಜಿನ್ ಈಗಾಗಲೇ ಬಿಚ್ಚಿ ಕಟ್ಟಿದ್ದರೆ ಯಾವ ಪಿಸ್ಟನ್ ಹಾಕಿದ್ದಾರೆ ಎಂದು ಬಿಲ್ಲು ಕೇಳಿ. ಕಂಪ್ರೆಷನ್ ಇಳಿಸಿ ಕಟ್ಟಿದ್ದರೆ ಓಡಿಸುವವರಿಗೆ ಅದು ಲಾಭವೇ.

ಹೆಜ್ಜೆ 6: ತುಕ್ಕು

ಇದು ಎರಡಕ್ಕೂ ಒಂದೇ, ಹಾಗಾಗಿ ಬೇಗ ಹೇಳಬಹುದು. ಮುಂಗಾಜಿನ ಬುಡದ ಗಾಳಿಗೂಡು ಅತಿ ಕೆಟ್ಟ ಜಾಗ: ಎಲೆ ತುಂಬಿ, ನೀರು ನಿಂತು ಒಳಗಿನಿಂದ ಕೊಳೆಯುತ್ತದೆ. ಜಾಲರಿಗೆ ಒಂದು ಬಕೆಟ್ ನೀರು ಸುರಿದು ಒಳಗೆ ಕಾಲಿಡುವ ಜಾಗ ಒದ್ದೆಯಾಗುತ್ತದೆಯೇ ನೋಡಿ. ಆಮೇಲೆ ಹಿಂಗಾಜಿನ ಕೆಳ ಮೂಲೆಗಳು, ಡಿಕ್ಕಿಯ ನೆಲ ಮತ್ತು ಅದರ ಪಕ್ಕದ ಗುಳಿಗಳು, ಹಿಂದಿನ ಚಕ್ರದ ಸುತ್ತ, ವಿನೈಲ್ ಛಾವಣಿಯ ಅಡಿ. ಆಯಸ್ಕಾಂತ ಹಿಡಿಯದ ಕಡೆ ಪುಟ್ಟಿ ತುಂಬಿದ್ದಾರೆ. ಮುಂಭಾಗದ ಸಬ್‌ಫ್ರೇಮ್ ಬಾಡಿಗೆ ಬೋಲ್ಟ್‌ಗಳಿಂದ ಕೂಡುತ್ತದೆ. ಬುಷ್ ಕುಸಿದಿದ್ದರೆ ಬಾಗಿಲಿನ ಸಂದು ಮೇಲೊಂದು ಕೆಳಗೊಂದು ಆಗುತ್ತದೆ. ಎಂಜಿನ್ ರಿಪೇರಿಗಿಂತ ಟಿಂಕರಿಂಗ್ ದುಬಾರಿ. ದಾಖಲೆ ಸರಿಯಿದ್ದು ಎಂಜಿನ್ ಸೋತ ಗಾಡಿ, ಎಂಜಿನ್ ಗಟ್ಟಿಯಿದ್ದು ತಗಡು ಕೊಳೆತ ಗಾಡಿಗಿಂತ ಲೇಸು.

ಹೆಜ್ಜೆ 7: ಓಡಿಸಿ ನೋಡುವುದು

ಎರಡನ್ನೂ ಒಂದೇ ರಸ್ತೆಯಲ್ಲಿ, ಒಂದೇ ದಿನ ಓಡಿಸಲು ಸಾಧ್ಯವಾದರೆ ಬಹಳ ಒಳ್ಳೆಯದು. ಮೂರನೆಯ ಗೇರಿನಲ್ಲಿ 2000 ಆರ್‌ಪಿಎಂಗೆ ತಂದು ಪೂರ್ತಿ ತುಳಿಯಿರಿ. 396 ಆ ಕ್ಷಣವೇ ಬೆನ್ನನ್ನು ಸೀಟಿಗೆ ಒತ್ತುತ್ತದೆ. ಝಡ್/28 ಕೆಮ್ಮಿ, ತೊದಲಿ, ನಿಧಾನ ಏರುತ್ತದೆ. ಪಿಕಪ್ ಇಲ್ಲ ಎಂದು ಅನೇಕರು ಇಲ್ಲೇ ಕೈಬಿಡುತ್ತಾರೆ. ಹೀಗೆ ಓಡಿಸಿ ಝಡ್/28ನ್ನು ಅಳೆಯುವುದು ಅನ್ಯಾಯ. ಎರಡನೆಯ ಗೇರಿನಲ್ಲಿ 4000 ದಾಟಿಸಿ. ಅಲ್ಲಿಂದ 7000ದವರೆಗೆ ಸದ್ದು, ಎಳೆತ ಎರಡೂ ಬೇರೆ ಗಾಡಿಯವೇ ಎನಿಸುತ್ತವೆ.

ತಿರುವಿನಲ್ಲಿ ಆಟ ಮಗುಚಿಕೊಳ್ಳುತ್ತದೆ. ಎರಕದ ಕಬ್ಬಿಣದ ಹೆಡ್ಡಿನ 396 ಮುಂದಿನ ಚಕ್ರಗಳ ಮೇಲೆ 50 ಕಿಲೋಗೂ ಹೆಚ್ಚು ಭಾರ ಸೇರಿಸುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮೂಗು ನೇರಕ್ಕೇ ಹೋಗಲು ನೋಡುತ್ತದೆ. ಝಡ್/28 ಹೇಳಿದ ಕಡೆ ತಿರುಗುತ್ತದೆ. ಘಟ್ಟದಂಥ ರಸ್ತೆಯ ಸುಖ ಬೇಕೆನ್ನುವವರಿಗೆ ಉತ್ತರ ಇಲ್ಲೇ ಸಿಕ್ಕಿತು. ಹೆದ್ದಾರಿಯಲ್ಲಿ 3.73 ಅನುಪಾತ ಗಂಟೆಗೆ 65 ಮೈಲಿಗೆ ಸುಮಾರು 3000 ಆರ್‌ಪಿಎಂ ಕೇಳುತ್ತದೆ. ಎರಡು ಗಂಟೆ ಹೀಗೆ ಕೂತರೆ ಕಿವಿ ಸೋಲುತ್ತದೆ.

ಯಾವುದು ಯಾರಿಗೆ

ವಾರಾಂತ್ಯದಲ್ಲಿ ಮನೆಯವರನ್ನು ಕೂರಿಸಿಕೊಂಡು ಸುತ್ತುವವರಿಗೆ ಟರ್ಬೊ 400 ಆಟೊಮ್ಯಾಟಿಕ್ ಇರುವ ಎಲ್35 ಸಾಕು. ಬಿಲ್ಲೆ ಅದೇ, ಸದ್ದು ಅದೇ, ಟ್ಯಾಪೆಟ್ ಚಿಂತೆ ಇಲ್ಲ. ಎಲ್78 ಕೊಳ್ಳುವವರು ಝಡ್/28ರ ಎಲ್ಲ ಚಾಕರಿಯನ್ನೂ ಮಾಡಬೇಕು, ಅದರ ತಿರುಗುವ ಗುಣ ಮಾತ್ರ ಸಿಗದು; ನೇರ ರಸ್ತೆಯ ಹುಚ್ಚಿದ್ದರೆ ಮಾತ್ರ ಅದು ಸರಿ. ಗೇರು ಬದಲಿಸುವುದರಲ್ಲೇ ಸುಖ ಕಾಣುವವರು, ವಾಲ್ವ್ ಹೊಂದಿಸುವುದನ್ನು ಕೆಲಸ ಎಂದುಕೊಳ್ಳದವರು ಝಡ್/28ಕ್ಕೆ ಹೋಗಲಿ. ಕಾಗದವಿಲ್ಲದ, ಮುದ್ರೆ ಹೆರೆದ ‘ಝಡ್/28’ಕ್ಕೆ, ಅದೆಷ್ಟೇ ಚೆನ್ನಾಗಿ ಓಡಿದರೂ, ಸಾದಾ ವಿ8 ಕ್ಯಾಮರೋದ ಬೆಲೆಗೆ ಒಳ್ಳೆಯ ಎಂಜಿನ್ನಿನ ಬೆಲೆ ಕೂಡಿಸಿದಷ್ಟು ಮಾತ್ರ ಹೇಳಿ.

ಕೊಂಡ ಮೇಲೆ ಮೊದಲ ವಾರದ ಕೆಲಸ ಎರಡಕ್ಕೂ ಒಂದೇ. ಇಂಧನದ ರಬ್ಬರ್ ಪೈಪ್‌ಗಳನ್ನೆಲ್ಲ ಎಥನಾಲ್ ತಡೆಯುವ ಹೊಸದಕ್ಕೆ ಬದಲಿಸಿ. ಹಳೆಯವು ಕರಗಿ ಬಿಸಿ ಎಂಜಿನ್ನಿನ ಮೇಲೆ ಸೋರುತ್ತವೆ. ಫಿಲ್ಟರ್ ಸಹಿತ ಸುಮಾರು 4.7 ಲೀಟರ್ ಎಂಜಿನ್ ಆಯಿಲ್ ಬೇಕು. ಸತು ಮತ್ತು ರಂಜಕ ಹೆಚ್ಚಿರುವ, ಹಳೆಯ ಚಪ್ಪಟೆ ಟ್ಯಾಪೆಟ್ ಎಂಜಿನ್ನಿಗೆಂದೇ ಮಾಡಿದ ಆಯಿಲ್ಲನ್ನೇ ಹಾಕಿ. ಇಂದಿನ ಕಾರಿನ ಆಯಿಲ್ ಹಾಕಿದರೆ ಕ್ಯಾಮ್‌ನ ಉಬ್ಬುಗಳು ಸವೆದು ಹೋಗುತ್ತವೆ, ಅದು ಗೊತ್ತಾಗುವ ಹೊತ್ತಿಗೆ ಲೋಹದ ಪುಡಿ ಬೇರಿಂಗ್ ತಲುಪಿರುತ್ತದೆ. ಬ್ರೇಕಿನ ರಬ್ಬರ್ ನಳಿಕೆಗಳು, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲ ಹೊಸದಾಗಲಿ. ಟಯರಿನ ಗೋಡೆಯ ಮೇಲಿನ ನಾಲ್ಕು ಅಂಕಿಯ ಮುದ್ರೆ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಹತ್ತು ವರ್ಷ ದಾಟಿದ್ದರೆ ಗೆರೆ ಎಷ್ಟೇ ಆಳವಿದ್ದರೂ ತೆಗೆದುಹಾಕಿ.